ಬೆಳ್ಳಿ ಬಣ್ಣದ ಕೆಳಗಿದ್ದ ಎರಡು ಪಟ್ಟಿ

ಬಚ್ಚಲುಮನೆಯ ಕರೆಂಟಿನ ಬಿಸಿನೀರ ಡಬ್ಬಿ ಎಷ್ಟು ವರ್ಷ ಬಾಳುತ್ತದೆ ಎಂದು ಹೊಸದಾಗಿ ವೈರಿಂಗ್ ಕೆಲಸಕ್ಕೆ ಸೇರಿದ ಹುಡುಗರು ನನ್ನನ್ನು ಈಗಲೂ ಕೇಳುತ್ತಾರೆ. ನಾನು ಹೇಳುವ ಲೆಕ್ಕ ಕೇಳಿ ಅವರು ನಗುತ್ತಾರೆ. ಒಂದೇ ಡಬ್ಬಿಯಲ್ಲಿ, ನೀರು ಕಾಯಿಸುವ ಒಂದೇ ಕಂಪನಿಯ ಕಾಯಿಲು ಇಪ್ಪತ್ತೆರಡು ದಿನಕ್ಕೆ ಸುಟ್ಟಿದ್ದನ್ನೂ ನೋಡಿದ್ದೇನೆ, ಏಳು ವರ್ಷ ಬಾಳಿದ್ದನ್ನೂ ನೋಡಿದ್ದೇನೆ. ನೀರು ಅದೇ, ಮನೆ ಅದೇ, ಮೈ ತೊಳೆದುಕೊಳ್ಳುವವರೂ ಅವರೇ. ನಡುವೆ ಬದಲಾಗಿದ್ದು ಏನು ಎಂಬುದನ್ನು ನಾನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ನಿವೃತ್ತನಾದ ಮೇಲೆ ಹೊತ್ತು ಸಾಕಷ್ಟಿದೆ, ನಾಚಿಕೆಯೂ ಅಷ್ಟಾಗಿ ಉಳಿದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಆಗ ಆದವಾನಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಸ್ಟೇಷನ್ನಿನ ಹಿಂಬದಿ ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ಸುಗಳ ಸಾಲು. ಅದರಲ್ಲಿ ಒಂದು ಬಸವರಾಜಪ್ಪ ಸಾವ್ಕಾರರದು. ನಾನು ಹೈಸ್ಕೂಲು ಮುಗಿಸಿ ಆ ಪ್ರೆಸ್ಸಿಗೆ ವೈರ್‌ಮ್ಯಾನ್ ಆಗಿ ಸೇರಿದೆ. ತಂತಿ ಕಟ್ಟುವ ಕೆಲಸ ನನಗಿಂತ ಚೆನ್ನಾಗಿ ಬಲ್ಲವರು ಇಬ್ಬರಿದ್ದರು. ಆದರೆ ಮುಂಬಯಿಯಿಂದ ಬರುವ ಯಂತ್ರಗಳ ಜೊತೆಗಿನ ಇಂಗ್ಲಿಷ್ ಕಾಗದ ಓದಬಲ್ಲವನು ನಾನೊಬ್ಬನೇ. ನನ್ನನ್ನು ಇಟ್ಟುಕೊಂಡಿದ್ದು ಅದಕ್ಕೇ. ಇಂಜಿನ್ ಮೇಸ್ತ್ರಿ ಖಾಸಿಂ ಸಾಹೇಬರು ಅಕ್ಷರ ಕಲಿತವರಲ್ಲ, ಆದರೆ ಇಂಜಿನ್ನಿನ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳಬಲ್ಲವರು. ಅವರು ನನ್ನನ್ನು ಹೆಸರು ಹಿಡಿದು ಕರೆದಿದ್ದೇ ಕಡಿಮೆ. "ಏ ಎಸ್ಸೆಸ್ಸೆಲ್ಸಿ, ಇಲ್ಲಿ ಬಾ ಬೇಟಾ. ಈ ನಟ್ಟು ಇಂಗ್ಲಿಷ್‌ನಾಗ ಬಿಚ್ತೈತೋ, ಕನ್ನಡದಾಗ ಬಿಚ್ತೈತೋ ನೋಡು," ಎನ್ನುತ್ತಿದ್ದರು.

ಪ್ರೆಸ್ಸಿನ ಕಾಂಪೌಂಡಿನಲ್ಲೇ ಸಾವ್ಕಾರರ ಬಂಗಲೆ. ಊರಿಗೆ ಕರೆಂಟು ಬರುವ ಮೊದಲೇ ಅಲ್ಲಿ ಡೈನಮೋ ಇತ್ತು. ಮನೆಯ ಯಜಮಾನಿಕೆ ಸಾವ್ಕಾರರ ತಾಯಿ ದೊಡ್ಡವ್ವನದು. ಬಚ್ಚಲುಮನೆಯ ಯಜಮಾನಿಕೆ ಹನುಮಕ್ಕನದು. ಹನುಮಕ್ಕ ದೇವನಕೊಂಡದ ಕಡೆಯವಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ಈ ಮನೆಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಬಾವಿಯಿಂದ ನೀರು ಸೇದಿ ತಾಮ್ರದ ಹಂಡೆ ತುಂಬಿ, ನೀರೊಲೆಗೆ ಹತ್ತಿ ಕಟ್ಟಿಗೆ ಹಾಕಿ ಊದುವುದು ಆಕೆಯ ಕೆಲಸ. ಯಾರಿಗೆ ಎಷ್ಟು ಬಿಸಿ ಬೇಕೆಂಬುದು ಆಕೆಯ ಕೈಗೇ ಗೊತ್ತು. ಸಾವ್ಕಾರರು ಬಚ್ಚಲಲ್ಲಿ ಕೂತು "ಇನ್ನಷ್ಟು ಬಿಸಿ" ಎಂದರೆ, "ನಿನ್ನೆ ಇಷ್ಟಕ್ಕೇ ಮೈ ಕೆಂಪಾಗಿತ್ತು, ಸಾಕು," ಎಂದು ಹೊರಗಿನಿಂದಲೇ ತೀರ್ಪು ಕೊಡುತ್ತಿದ್ದಳು.

ಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲು ಸಾವ್ಕಾರರು ಹತ್ತಿ ವ್ಯಾಪಾರಕ್ಕೆ ಮುಂಬಯಿಗೆ ಹೋಗಿ, ಅಲ್ಲಿನ ಹೋಟೆಲೊಂದರಲ್ಲಿ ಜರಡಿ ನಳದ ಕೆಳಗೆ ಬಿಸಿನೀರಿನ ಸ್ನಾನ ಮಾಡಿ ಬಂದರು. ಬಂದವರಿಗೆ ಹಂಡೆ, ತಂಬಿಗೆ ಯಾವುದೂ ಹಿಡಿಸಲಿಲ್ಲ. ಎರಡು ತಿಂಗಳಿಗೆ ರೈಲಿನಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ ಬಂತು. ಒಳಗೆ ಹುಲ್ಲಿನ ನಡುವೆ ಆರು ತಿಂಗಳ ಹಂದಿಮರಿಯಷ್ಟು ದಪ್ಪನೆಯ ಒಂದು ಕಬ್ಬಿಣದ ಡಬ್ಬಿ, ಎರಡು ಹೆಚ್ಚಿನ ಕಾಯಿಲು, ನಾಲ್ಕು ಪುಟದ ಇಂಗ್ಲಿಷ್ ಕಾಗದ.

ಕಾಗದವನ್ನು ಎಲ್ಲರೆದುರು ಬಿಡಿಸಿ ಮೊದಲ ಪುಟವನ್ನು ಗಟ್ಟಿಯಾಗಿ ಓದಿದೆ. ಅದರಲ್ಲಿ ಕಂಪನಿಯ ಬಡಾಯಿಯಷ್ಟೇ ಇತ್ತು. ದೊಡ್ಡವ್ವ ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೇಳಿದರು. ಕೊನೆಯ ಪುಟದಲ್ಲಿ ಕಂಪನಿಯ ವಿಳಾಸವಿತ್ತು, ಅದನ್ನೂ ಓದಿದೆ. ನಡುವಿನ ಎರಡು ಪುಟ "ಬರೇ ತಾಂತ್ರಿಕ ವಿಷಯ" ಎಂದು ಹೇಳಿ ಮಡಚಿ ನನ್ನ ಟ್ರಂಕಿಗೆ ಹಾಕಿಕೊಂಡೆ. ಓದಬಾರದೆಂದಲ್ಲ. ಎಲ್ಲರೂ ಅಷ್ಟು ಹೊತ್ತಿಗೇ ನನ್ನನ್ನು ಮೆಚ್ಚಿಕೊಂಡಿದ್ದರು; ಇನ್ನು ಓದುವುದಕ್ಕೆ ಏನಿದೆ ಅನ್ನಿಸಿತು.

ಹೊರದೇಶದಿಂದ ಮುಂಬಯಿಗೆ ಬರುವಾಗ ಹಡಗಿನ ಉಪ್ಪುಗಾಳಿಗೆ ಡಬ್ಬಿಯ ಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆ ಬಿದ್ದಿತ್ತು. "ಮುಂಬೈದ್ದು ಹಿಂಗಿದ್ದಿಲ್ಲಲೋ, ಥಳಥಳ ಅಂತಿತ್ತು," ಎಂದರು ಸಾವ್ಕಾರರು. ನಾನು ಪ್ರೆಸ್ಸಿನಲ್ಲಿದ್ದ ಬೆಳ್ಳಿ ಬಣ್ಣದ ಡಬ್ಬ ತಂದು ಮೇಲಿನಿಂದ ಕೆಳಗಿನವರೆಗೆ, ಎರಡು ಕೈ, ಒಂದಿಷ್ಟೂ ಬಿಡದೆ ಬಳಿದೆ. ತಳದಲ್ಲಿ ಪೈಪು ಜೋಡಿಸುವ ಎರಡು ಬಾಯಿಗಳಿದ್ದವು, ನೋಡಲು ಒಂದೇ ತರಹ. ಅವುಗಳ ಸುತ್ತ ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ ಪಟ್ಟಿ ಹಾಕಿದ್ದರಂತೆ. ಹಾಕಿದ್ದರಂತೆ ಎಂದು ಬರೆಯುತ್ತಿರುವುದು ಯಾಕೆಂದರೆ, ಬಳಿಯುವಾಗ ನೋಡಿದ ನೆನಪು ನನಗಿಲ್ಲ. ಬಳಿದ ಮೇಲಂತೂ ನೋಡುವುದಕ್ಕೆ ಏನೂ ಉಳಿಯಲಿಲ್ಲ.

ಇಲ್ಲಿ ಸ್ವಲ್ಪ ಕೆಲಸದ ಮಾತು ಹೇಳಬೇಕು. ಅಂಥ ಡಬ್ಬಿಯ ಒಂದು ಬಾಯಿ ತಳದಲ್ಲೇ ತೆರೆದುಕೊಳ್ಳುತ್ತದೆ. ಇನ್ನೊಂದು ಬಾಯಿಗೆ ಒಳಗೊಂದು ಉದ್ದನೆಯ ಕೊಳವೆ ಇದ್ದು, ಅದು ಡಬ್ಬಿಯ ನೆತ್ತಿಯವರೆಗೆ ಹೋಗುತ್ತದೆ. ತಣ್ಣೀರು ತಳದಿಂದ ಬರಬೇಕು, ಬಿಸಿನೀರು ನೆತ್ತಿಯ ಕೊಳವೆಯಿಂದ ಇಳಿಯಬೇಕು. ಆಗ ಡಬ್ಬಿ ಕಂಠಮಟ್ಟ ತುಂಬಿದ ಮೇಲೆಯೇ ನಳದಲ್ಲಿ ನೀರು ಕಾಣುತ್ತದೆ, ನಳ ಎಷ್ಟು ಬಿಟ್ಟರೂ ಡಬ್ಬಿ ಬರಿದಾಗುವುದಿಲ್ಲ, ಕಾಯಿಲು ಯಾವಾಗಲೂ ನೀರಿನಲ್ಲಿ ಮುಳುಗಿರುತ್ತದೆ. ನಾನು ಜೋಡಿಸಿದ್ದು ತಿರುಗುಮುರುಗು. ತಣ್ಣೀರು ನೆತ್ತಿಯಿಂದ ಬಂದು, ತಳದಿಂದ ನಳಕ್ಕೆ ಓಡಿಹೋಗುತ್ತಿತ್ತು. ಮೇಲಿನ ಅರ್ಧದಲ್ಲಿ ಗಾಳಿ ಸಿಕ್ಕಿಕೊಂಡು ಕೂತುಬಿಡುತ್ತಿತ್ತು. ಕಾಯಿಲಿನ ಕೆಳಗಿನ ಅರ್ಧ ನೀರಿನಲ್ಲಿ, ಮೇಲಿನ ಅರ್ಧ ಬರೀ ಗಾಳಿಯಲ್ಲಿ ಕಾಯುತ್ತಿತ್ತು.

ತಪ್ಪು ಮೊದಲ ದಿನವೇ ಗೊತ್ತಾಗಬೇಕಿತ್ತು. ಗೊತ್ತಾಗದಂತೆ ಮಾಡಿದ್ದು ದೊಡ್ಡವ್ವನ ಒಂದು ನೇಮ. ರಾತ್ರಿ ಪಾತ್ರೆಯಲ್ಲಿ ಕೂತ ನೀರಿನಲ್ಲಿ ಬೆಳಿಗ್ಗೆ ಮಿಂದು ಲಿಂಗಪೂಜೆಗೆ ಕೂಡುವಂತಿಲ್ಲ. ಹಂಡೆಯನ್ನು ಸಂಜೆಯೇ ಬರಿದು ಮಾಡಿ ಬೋರಲು ಹಾಕಬೇಕು. ಬೆಳಿಗ್ಗೆ ಹೊಸದಾಗಿ ಸೇದಿದ ನೀರೇ ಆಗಬೇಕು. "ಈ ನಿನ್ನ ಡಬ್ಬಿ ಬೋರಲು ಹಾಕಾಕ ಬರ್ತೈತೇನು?" ಎಂದು ಅವರು ಕೇಳಿದಾಗ ನಾನು ತಣ್ಣೀರಿನ ವಾಲ್ವು ಮುಚ್ಚಿ ನಳ ಬಿಟ್ಟು ತೋರಿಸಿದೆ. ಡಬ್ಬಿ ಗಳಗಳನೆ ಬರಿದಾಯಿತು. ಸರಿಯಾಗಿ ಜೋಡಿಸಿದ್ದರೆ ಹಾಗೆ ಬರಿದಾಗುತ್ತಲೇ ಇರಲಿಲ್ಲ!

"ನೋಡ್ರಿ ಅವ್ವಾರೇ, ನಿಮ್ಮ ಮಡಿ ನೆನಸಿಕೊಂಡೇ ಹಂಗ ಕೂಡಿಸೀನಿ," ಎಂದೆ.

"ಓದಿದ ಹುಡುಗ ಅಂದ್ರ ಹಿಂಗಿರಬೇಕು," ಎಂದರು ದೊಡ್ಡವ್ವ.

ನನ್ನ ವೃತ್ತಿ ಜೀವನದಲ್ಲಿ ನನ್ನ ತಪ್ಪಿಗೆ ಸಿಕ್ಕಷ್ಟು ಹೊಗಳಿಕೆ ನನ್ನ ಯಾವ ಒಳ್ಳೆಯ ಕೆಲಸಕ್ಕೂ ಸಿಕ್ಕಿಲ್ಲ.

ಹಂಡೆ ಮೂಲೆ ಸೇರಿತು. ಹನುಮಕ್ಕ ಈಗ ಬಾವಿಯಿಂದ ಸೇದಿದ ನೀರನ್ನು ಮೆಟ್ಟಿಲು ಹತ್ತಿ ಬಚ್ಚಲಿನ ಮಾಳಿಗೆಯ ಡ್ರಮ್ಮಿಗೆ ತುಂಬಬೇಕು, ವಾಲ್ವು ತಿರುಗಿಸಬೇಕು, ಸ್ವಿಚ್ಚು ಹಾಕಬೇಕು. ನಾನು ಆಕೆಗೆ ಹೇಳಿಕೊಟ್ಟ ಪಾಠ ಒಂದೇ. "ನಳದಾಗ ನೀರು ಬಂತು ಅಂದ್ರ ಡಬ್ಬಿ ತುಂಬೇತಿ ಅಂತ ಅರ್ಥ. ಆಮೇಲೆ ಸ್ವಿಚ್ ಹಾಕು."

ನಾಲ್ಕು ದಿನವಾದ ಮೇಲೆ ಆಕೆ ನನ್ನನ್ನು ಕರೆದು ಡಬ್ಬಿಯನ್ನು ಬೆರಳಿನ ಗೆಣ್ಣಿನಿಂದ ಬಡಿದು ತೋರಿಸಿದಳು. "ಕೇಳು ತಿಪ್ಪಣ್ಣ. ಕೆಳಗ ಬಡದ್ರ ದಬ್ ಅಂತೈತಿ. ಮ್ಯಾಲೆ ಬಡದ್ರ ಡಣ್ ಅಂತೈತಿ. ಇದರ ಹೊಟ್ಟಿ ಅರ್ಧ ಖಾಲಿ ಐತಪ್ಪಾ."

"ನಳದಾಗ ನೀರು ಬರ್ತೈತಲ್ಲ?"

"ಬರ್ತೈತಿ. ತಳದಾಗ ನೀರಿದ್ರೂ ಬರ್ತೈತಿ. ತುಂಬೇತಿ ಅಂತ ಹೆಂಗ ತಿಳೀಬೇಕು? ಹಂಡೆ ಆದ್ರ ಬಗ್ಗಿ ನೋಡ್ತಿದ್ದೆ."

"ಹನುಮಕ್ಕ, ಇದು ಇಂಗ್ಲಿಷ್ ಡಬ್ಬಿ. ಹಂಡೆ ಬಡದಂಗ ಬಡದ್ರ ಹಿಂಗ ಅಂತೈತಿ," ಎಂದು ನಕ್ಕುಬಿಟ್ಟೆ. ಪ್ರೆಸ್ಸಿಗೆ ಹೋಗಿ ಎಲ್ಲರಿಗೂ ಹೇಳಿ ಇನ್ನೊಮ್ಮೆ ನಕ್ಕೆ. ಖಾಸಿಂ ಸಾಹೇಬರು ಮಾತ್ರ ನಗಲಿಲ್ಲ.

ಆ ದಿನಗಳ ಇನ್ನೊಂದು ಸಂಗತಿ ನೆನಪಾಗುತ್ತದೆ. ಸಾವ್ಕಾರರು ಊಟಕ್ಕೆ ಬಂದವರಿಗೆಲ್ಲ, "ಇದರ ನೀರಾಗ ಏನೋ ಶಕ್ತಿ ಐತ್ರಿ. ನಳ ಮುಟ್ಟಿದ್ರ ಸಾಕು, ಕೈಯಾಗ ಜುಮ್ ಅಂತೈತಿ. ನರಕ್ಕ ಭಾಳ ಛಲೋ," ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದ ದಿನ ನಾನು ಅರ್ಧ ಊಟಕ್ಕೇ ಎದ್ದೆ. ಅರ್ತ್ ತಂತಿಯನ್ನು ಭೂಮಿಗೆ ಇಳಿಸುವುದನ್ನೇ ನಾನು ಬಿಟ್ಟಿದ್ದೆ. ಅವತ್ತೇ ಬಚ್ಚಲಿನ ಹಿಂದೆ ಗುಂಡಿ ತೋಡಿ, ಇದ್ದಿಲು ಉಪ್ಪು ಸುರಿದು, ತಂತಿ ಇಳಿಸಿದೆ. ಮರುದಿನ ಸಾವ್ಕಾರರು ಬೇಸರದಿಂದ, "ಯಾಕೋ ಡಬ್ಬಿ ಸಪ್ಪಗಾಗೇತಿ ತಿಪ್ಪಣ್ಣ, ಜುಮ್ ಅನ್ನವಲ್ದು," ಎಂದರು. ಬದುಕಿ ಉಳಿದ ಯಜಮಾನ ದೂರು ಕೊಟ್ಟರೆ ಕೇಳಿಸಿಕೊಳ್ಳುವುದು ಸುಲಭ. ಹುಡುಗರೇ, ನೀವು ಮಾತ್ರ ಡಬ್ಬಿ ಗೋಡೆಗೆ ಏರಿಸುವ ಮೊದಲೇ ಅರ್ತ್ ಇಳಿಸಿರಿ.

ಇಪ್ಪತ್ತೆರಡನೆಯ ದಿನ ಮೊದಲ ಕಾಯಿಲು ಸುಟ್ಟಿತು. ಕಂಪನಿಯ ದೋಷ ಎಂದೆ, ಎಲ್ಲರೂ ಒಪ್ಪಿದರು. ಎರಡನೆಯದು ಎರಡು ತಿಂಗಳು ಬಂತು. ಆಗ ನಾನು, ನಮ್ಮ ಬಾವಿಯ ನೀರು ಸವುಳು ಎಂದೆ. ಅದೂ ಸುಳ್ಳಲ್ಲ, ಹಾಗಾಗಿ ಅದನ್ನೂ ಒಪ್ಪಿದರು. ಸುಟ್ಟ ಕಾಯಿಲುಗಳನ್ನು ಖಾಸಿಂ ಸಾಹೇಬರು ಕೈಯಲ್ಲಿ ತಿರುಗಿಸಿ ನೋಡಿದರು.

"ಎಸ್ಸೆಸ್ಸೆಲ್ಸಿ, ಒಂದು ಮಾತು ಕೇಳ್ಲಿ? ಎರಡೂ ಮ್ಯಾಲಿನ ಅರ್ಧನೇ ಸುಟ್ಟಾವ. ಕೆಳಗಿನ ಅರ್ಧ ಹೊಸಾದು ಇದ್ದಂಗ ಐತಿ. ಯಾಕ ಬೇಟಾ?"

"ಹಂಗ ಸುಡ್ತಾವ ಸಾಹೇಬ್ರೇ."

"ಹಂಗ ಸುಡ್ತಾವ ಅಂತ ಕಾಗದದಾಗ ಬರದೈತೇನು?"

"ಬರದೈತಿ," ಎಂದೆ. ಆ ಕಾಗದ ಟ್ರಂಕಿನಿಂದ ಹೊರಗೆ ಬಂದಿರಲೇ ಇಲ್ಲ.

ಉಳಿದಿದ್ದ ಕೊನೆಯ ಕಾಯಿಲನ್ನು ಹಾಕಿದೆ. ಮಳೆಗಾಲ, ಬೇಸಿಗೆಗಳಲ್ಲಿ ಬಿಸಿನೀರಿಗೆ ಅಷ್ಟು ಬೇಡಿಕೆ ಇಲ್ಲದ್ದರಿಂದ ಅದು ಸ್ವಲ್ಪ ಹೆಚ್ಚು ದಿನ ತಾಳಿತು. ಅಷ್ಟರಲ್ಲಿ ಯುದ್ಧ ಶುರುವಾಗಿತ್ತು. ಹೊರದೇಶದ ಸಾಮಾನು ಬರುವುದು ಕಷ್ಟವಾಗಿತ್ತು. ಆ ಚಳಿಗಾಲದಲ್ಲಿ ಮುಂಬಯಿಯ ಹತ್ತಿ ಖರೀದಿದಾರರೊಬ್ಬರು ಬಂಗಲೆಯಲ್ಲಿ ಇಳಿದುಕೊಂಡಿದ್ದರು. ಸಾವ್ಕಾರರು ಅವರಿಗೆ ಡಬ್ಬಿಯ ಬಗ್ಗೆ ಹಿಂದಿನ ದಿನವೆಲ್ಲ ಹೇಳಿದ್ದರು. ಬೆಳಿಗ್ಗೆ ಅತಿಥಿಗಳು ತಲೆತುಂಬ ಸೋಪು ಹಚ್ಚಿಕೊಂಡು ಜರಡಿ ನಳದ ಕೆಳಗೆ ನಿಂತಿದ್ದಾರೆ. ಡಬ್ಬಿಯೊಳಗೆ ಟಪ್ ಎಂದಿತು. ಹತ್ತೇ ನಿಮಿಷದಲ್ಲಿ ಬಚ್ಚಲಿನಿಂದ ಯಾವ ಭಾಷೆಯದೋ ಒಂದು ಕೂಗು ಬಂತು. ಅದು ತಣ್ಣೀರಿನ ಕೂಗು ಎಂಬುದು ಮಾತ್ರ ಎಲ್ಲರಿಗೂ ತಿಳಿಯಿತು.

ಸಾವ್ಕಾರರು ಎಲ್ಲರನ್ನೂ ಬಚ್ಚಲಿನ ಮುಂದೆ ಕರೆಸಿದರು. ಮನೆಗೆ ಬಂದವರ ಮುಂದೆ ಮಾನ ಹೋಗಿತ್ತು. ಕಾಯಿಲು ಇನ್ನು ಸಿಗುವುದೂ ಅನುಮಾನ. "ಮೂರಾತು. ಯಾಕ ಸುಡ್ತಾವ ಇವು? ಓದಿದೋನು ನೀನು, ಹೇಳು," ಎಂದು ನನ್ನ ಕಡೆ ತಿರುಗಿದರು.

ಕಂಪನಿ ಎಂದು ಒಮ್ಮೆ ಹೇಳಿಯಾಗಿತ್ತು, ನೀರು ಎಂದು ಒಮ್ಮೆ ಹೇಳಿಯಾಗಿತ್ತು. ಇನ್ನು ಉಳಿದಿದ್ದು ಎರಡೇ ಹೆಸರು. ಒಂದು ನನ್ನದು.

"ನೀರು ತುಂಬೋಕ ಮೊದಲ ಸ್ವಿಚ್ ಹಾಕಿದ್ರ ಸುಡ್ತಾವ್ರೀ," ಎಂದೆ.

"ನಾ ನಳದಾಗ ನೀರು ಬಂದ ಮ್ಯಾಲೇ ಹಾಕೀನಿ ಅವ್ವಾರೇ," ಎಂದಳು ಹನುಮಕ್ಕ. ಆಕೆ ಸಾವ್ಕಾರರನ್ನಾಗಲಿ ನನ್ನನ್ನಾಗಲಿ ನೋಡಲಿಲ್ಲ. ದೊಡ್ಡವ್ವನನ್ನೇ ನೋಡಿ ಹೇಳಿದಳು. "ಇವತ್ತೂ ಹಂಗೇ ಮಾಡೀನಿ. ತಿಪ್ಪಣ್ಣ ಹೇಳಿದಂಗೇ."

ದೊಡ್ಡವ್ವ ನನ್ನನ್ನು ಕೇಳಿದರು, "ಹೌದೇನೋ ತಿಪ್ಪಾ? ಹಂಗ ಮಾಡಿದ್ರೂ ಸುಡ್ತೈತೇನು?"

ನಾನು ಹೇಳಿದೆ: "ವಯಸ್ಸಾತಲ್ರಿ ಅವ್ವಾರೇ. ಮರ್ತಿರಬೇಕು."

ಅಷ್ಟೇ. ಬೈಗುಳವಲ್ಲ, ಚಾಡಿಯಲ್ಲ, ಬಹಳ ಮರ್ಯಾದೆಯ ಮಾತು. ಆಕೆಗೆ ಆಗ ನಲವತ್ತೈದೂ ಆಗಿರಲಿಲ್ಲ. ದೊಡ್ಡವ್ವ "ಪಾಪ" ಎಂದರು. ಆ "ಪಾಪ"ದಲ್ಲೇ ಇಪ್ಪತ್ತು ವರ್ಷದ ನಂಬಿಕೆ ಮುಗಿದುಹೋಗಿದ್ದು ನನಗೂ ಕಾಣಿಸಿತು. ಬೆಂಕಿ, ಕರೆಂಟು ಇರುವ ಕಡೆ ಮರೆವಿನ ಹೆಂಗಸು ಬೇಡ ಎಂದಾಯಿತು. ಹನುಮಕ್ಕ ಒಂದು ವರ್ಷದಿಂದ ಹೊತ್ತಿಸದ ನೀರೊಲೆಯ ಮುಂದೆ ಕೂತು ಅದರಲ್ಲಿದ್ದ ಹಳೆಯ ಬೂದಿಯನ್ನೆಲ್ಲ ಬಳಿದು ತೆಗೆದು, ಸಗಣಿ ಸಾರಿಸಿ, ಸೇದುವ ಹಗ್ಗವನ್ನು ಸುತ್ತಿ ಗೂಟಕ್ಕೆ ಹಾಕಿ, ತಮ್ಮನ ಊರಾದ ದೇವನಕೊಂಡಕ್ಕೆ ಹೊರಟುಹೋದಳು.

ಅದೇ ಖರೀದಿದಾರರು ಮುಂಬಯಿಗೆ ಹೋದ ಮೇಲೆ, ಯಾವುದೋ ಅಂಗಡಿಯಲ್ಲಿ ಉಳಿದಿದ್ದ ಒಂದು ಕಾಯಿಲನ್ನು ಹುಡುಕಿಸಿ ಕಳಿಸಿಕೊಟ್ಟರು. ತಣ್ಣೀರು ಮೈಮೇಲೆ ಬಿದ್ದವರಿಗೆ ಅಷ್ಟು ಕನಿಕರವಿರುತ್ತದೆ. ಅದನ್ನು ಹಾಕಲು ಡಬ್ಬಿ ಇಳಿಸಿ ಪೈಪಿನ ನಟ್ಟು ಬಿಚ್ಚಲು ಪಾನಾ ಹಾಕಿದೆ. ಪಾನಾ ಜಾರಿ ಬೆಳ್ಳಿ ಬಣ್ಣ ಎದ್ದಿತು. ಒಳಗೆ ಕೆಂಪು ಕಂಡಿತು. ಉಗುರಿನಿಂದ ಕೆರೆದೆ. ಪೂರ್ತಿ ಒಂದು ಕೆಂಪು ಪಟ್ಟಿ. ಪಕ್ಕದ ಬಾಯಿಯನ್ನು ಕೆರೆದೆ. ನೀಲಿ. ತಣ್ಣೀರಿನ ಪೈಪು ಕೆಂಪಿಗೆ ಸೇರಿಕೊಂಡು ಕೂತಿತ್ತು.

ಬಾಗಿಲು ಹಾಕಿಕೊಂಡು ಟ್ರಂಕಿನಿಂದ ಕಾಗದ ತೆಗೆದೆ. ಎರಡನೆಯ ಪುಟದಲ್ಲಿ ಚಿತ್ರವೇ ಇತ್ತು. ಇಂಗ್ಲಿಷ್ ಬೇಕಾಗಿರಲೇ ಇಲ್ಲ. ಹನುಮಕ್ಕನಿಗೆ ತೋರಿಸಿದ್ದರೂ ತಿಳಿಯುತ್ತಿತ್ತು. ಮೂರನೆಯ ಪುಟದಲ್ಲಿ, ಪೈಪು ಅದಲುಬದಲಾದರೆ ಕಾಯಿಲಿನ ಮೇಲ್ಭಾಗ ಸುಡುತ್ತದೆ ಎಂದು ಒತ್ತಿ ಬರೆದಿದ್ದರು. ಖಾಸಿಂ ಸಾಹೇಬರಿಗೆ ನಾನು "ಬರದೈತಿ" ಎಂದಿದ್ದು ಒಂದು ರೀತಿಯಲ್ಲಿ ನಿಜವೇ ಆಗಿತ್ತು.

ಪೈಪು ಸರಿಮಾಡಿದೆ. ಕೆರೆದ ಜಾಗಕ್ಕೆ ಮತ್ತೆ ಬೆಳ್ಳಿ ಬಣ್ಣ ಬಳಿದೆ. ಇದು ನನ್ನ ಎರಡನೆಯ ತಪ್ಪು. ಮೊದಲನೆಯದು ಗೊತ್ತಿಲ್ಲದೆ ಆಗಿದ್ದು, ಇದು ಗೊತ್ತಿದ್ದೇ ಮಾಡಿದ್ದು. ದೊಡ್ಡವ್ವನ ನೇಮಕ್ಕೆ ಹೊಸ ದಾರಿ ಹುಡುಕಿದೆ. ಬೆಳಿಗ್ಗೆ ತಣ್ಣೀರು ಬಿಟ್ಟರೆ ಹೊಸ ನೀರು ರಾತ್ರಿಯ ನೀರನ್ನು ತಳ್ಳಿ ಹೊರಗೆ ಹಾಕುತ್ತದೆ, ಅದು ಬಾಳೆಗಿಡಕ್ಕೆ ಹೋಗಲಿ ಎಂದೆ. ಅವರು ಒಪ್ಪಿದರು. ಪ್ರೆಸ್ಸಿನ ಪಂಪಿನಿಂದ ಮಾಳಿಗೆಯ ಡ್ರಮ್ಮಿಗೆ ಪೈಪು ಎಳೆದೆ. ಸ್ವಿಚ್ಚು ಹಾಕುವ ಕೆಲಸ ನನಗೇ ಬಂತು.

ಆಮೇಲೆ ಡಬ್ಬಿ ಬಾಳಿತು ನೋಡಿ! ಒಂದು ವರ್ಷ, ಎರಡು ವರ್ಷ. ಸಾವ್ಕಾರರು ಬಂದವರಿಗೆಲ್ಲ, "ಆಕಿ ಹೋದ್ಲು, ಡಬ್ಬಿ ಉಳೀತು," ಎಂದು ಹೇಳತೊಡಗಿದರು. ನಾನು ಎಷ್ಟು ಚೆನ್ನಾಗಿ ನೋಡಿಕೊಂಡರೆ ಆಕೆಯ ಮೇಲಿನ ಅಪವಾದ ಅಷ್ಟು ಗಟ್ಟಿಯಾಗುತ್ತಿತ್ತು. ಕೆಲಸದಲ್ಲಿ ಶ್ರದ್ಧೆ ಇದ್ದರೆ ಸಾಕು ಎನ್ನುವವರಿಗೆ ಈ ಸಂಕಟ ಗೊತ್ತಿಲ್ಲ.

ನೋಡಿಕೊಳ್ಳುವುದೆಂದರೆ ಏನು ಎಂದೂ ಹೇಳಿಬಿಡುತ್ತೇನೆ. ನಮ್ಮ ಕಡೆಯ ನೀರಿಗೆ ಮೂರು ತಿಂಗಳಲ್ಲಿ ಕಾಯಿಲಿನ ಮೇಲೆ ಸುಣ್ಣದ ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಷ್ಟೂ ಬಿಸಿ ಒಳಗೇ ಉಳಿದು ಕಾಯಿಲು ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಸ್ವಿಚ್ಚು ತೆಗೆದು, ತಂತಿ ಬಿಚ್ಚಿ, ಕಾಯಿಲನ್ನು ಹೊರಗೆ ತೆಗೆಯಬೇಕು. ಸುತ್ತಿಗೆ ಮುಟ್ಟಬಾರದು. ಗಟ್ಟಿ ಹುಣಸೆ ನೀರಿನಲ್ಲಿ ಒಂದು ಹಗಲು ನೆನೆಸಿದರೆ ಪೊರೆ ಮೆತ್ತಗಾಗಿ ಕೈಗೇ ಬರುತ್ತದೆ. ಕಾಯಿಲಿನ ಬುಡದಲ್ಲಿ ನೀರು ಸೋರದಂತೆ ಹಾಕಿದ ರಬ್ಬರಿನ ಬಳೆ ಗಟ್ಟಿಯಾಗಿದ್ದರೆ ಬದಲಿಸಬೇಕು. ನೆನೆಸಿದ ನೀರನ್ನು ಅಲ್ಲೇ ಚೆಲ್ಲಬೇಕು. ಇದನ್ನು ಯಾಕೆ ಹೇಳುತ್ತೇನೆಂದರೆ, ಒಮ್ಮೆ ನಾನು ಆ ಪಾತ್ರೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟು ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಕೂತ ದೊಡ್ಡವ್ವ, "ಇವತ್ತು ಸಾರು ಯಾಕ ಸುಣ್ಣಾ ಹೊಡೀತೈತಿ?" ಎಂದು ಕೇಳಿದಾಗ, ಮರೆವು ಯಾರಿಗಿದೆ ಎಂದು ನನ್ನ ಮನಸ್ಸೇ ನನ್ನನ್ನು ಕೇಳಿತು.

ಮೂರನೆಯ ವರ್ಷ ತಡೆಯಲಾಗಲಿಲ್ಲ. ಆಗ ಸಕ್ಕರೆ ರೇಷನ್ನಿನಲ್ಲಿ ಮಾತ್ರ. ನನ್ನ ಪಾಲಿನ ಸಕ್ಕರೆಯನ್ನು ಕಟ್ಟಿಕೊಂಡು, ಪೆಟ್ರೋಲು ಸಿಗದೆ ಹಿಂದೆ ಇದ್ದಿಲಿನ ಒಲೆ ಹೊತ್ತು ಓಡುತ್ತಿದ್ದ ಯುದ್ಧಕಾಲದ ಬಸ್ಸು ಹತ್ತಿ ದೇವನಕೊಂಡಕ್ಕೆ ಹೋದೆ. ಹನುಮಕ್ಕ ತಮ್ಮನ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಯಾರದೋ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಊರಿನ ಬಾಣಂತಿಯರಿಗೆ, ಕೂಸುಗಳಿಗೆ ನೀರು ಹಾಕುವುದು ಆಕೆಯ ಹೊಸ ಕೆಲಸ.

ಪೊಟ್ಟಣ ನೋಡಿ, "ಸಕ್ಕರಿ ತಂದೀ ಅಂದ್ರ ಏನೋ ಭಾರೀ ತಪ್ಪೇ ಮಾಡೀ," ಎಂದಳು.

ಹೇಳಿದೆ. ಕೆಂಪು ಪಟ್ಟಿ, ನೀಲಿ ಪಟ್ಟಿ, ಎಲ್ಲ. ಆಕೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತಿತ್ತು," ಎಂದಳು.

"ಹೆಂಗ ಗೊತ್ತು?"

"ನಾ ಮರ್ತಿದ್ದಿಲ್ಲ ಅಂಬೋದು ನನಗ ಗೊತ್ತಿರಲ್ಲೇನು? ನಾ ಅಲ್ಲ ಅಂದ ಮ್ಯಾಲೆ ಉಳಿದೋನು ನೀನೇ ಅಲ್ಲೇನು? ಇಷ್ಟು ತಿಳಿಯಾಕ ಎಸ್ಸೆಸ್ಸೆಲ್ಸಿ ಬೇಕೇನು?"

ನಾನು ನಗಲು ಹೋದೆ. ಆಕೆ ನಗಲಿಲ್ಲ.

"ನಿನ್ನ ಮಾತು ನನಗಿಂತ ಮೊದಲ ಈ ಊರಿಗೆ ಬಂದಿತ್ತು ತಿಪ್ಪಣ್ಣ. ಹತ್ತಿ ಗಾಡಿಯೋರು ತಂದ್ರು. ಸಾವ್ಕಾರ್ರ ಮನ್ಯಾಗ ಮರೆವು ಬಂದು ಬಿಡಿಸ್ಯಾರಂತ, ಆಕಿ ಕೈಯಾಗ ಕೂಸು ಕೊಟ್ರ ಸುಡುನೀರಾಗ ಹಾಕ್ತಾಳ ಅಂತ. ಒಂದು ವರ್ಷ ಯಾರೂ ಕರೀಲಿಲ್ಲ. ಈಗೂ ನೋಡು."

ನೋಡಿದೆ. ಬಾಗಿಲ ಹಿಂದೆ ಕೂಸಿನ ಅಜ್ಜಿ ನಿಂತಿದ್ದಳು, ಹಂಡೆಯ ನೀರಿನಲ್ಲಿ ತನ್ನ ಮೊಣಕೈ ಅದ್ದಿ ಪರೀಕ್ಷಿಸುತ್ತಿದ್ದಳು.

"ದಿನಾ ಹಂಗೇ. ನಾ ಬೆರಸಿದ ನೀರು ಇನ್ನೊಬ್ಬರು ಮುಟ್ಟಿ ನೋಡಬೇಕು. ನನಗ ಹೇಳಿ ಏನು ಮಾಡ್ತೀ? ನಮ್ಮ ಅವ್ವಾರಿಗೆ ಹೇಳು. ಅವರು ಅಂದ ಮಾತು ಅವರೇ ಹಿಂದಕ ತಗೊಂಡ್ರ ಊರು ಕೇಳ್ತೈತಿ."

ಹೇಳುತ್ತೇನೆ ಎಂದೆ. ಸಕ್ಕರೆಯನ್ನು ಆಕೆ ಕೂಸಿನ ಅಜ್ಜಿಗೆ ಕೊಟ್ಟುಬಿಟ್ಟಳು. ನಾನು ಆದವಾನಿಗೆ ಬಂದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ನಾಲ್ಕು ವರ್ಷ ಕಳೆದೆ. ಕೆಲಸ ಹೋಗುತ್ತದೆಂಬ ಭಯ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದಲ್ಲ. ಆಗ ವೈರ್‌ಮ್ಯಾನ್‌ಗೆ ಯಾವ ಪ್ರೆಸ್ಸಿನಲ್ಲೂ ಕೆಲಸ ಸಿಗುತ್ತಿತ್ತು. "ಓದಿದ ಹುಡುಗ ಅಂದ್ರ ಹಿಂಗಿರಬೇಕು" ಎಂಬ ಮಾತನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಕೊನೆಗೆ ಡಬ್ಬಿಗೇ ಬೇಸರ ಬಂತು. ಕಾಯಿಲು ಚೆನ್ನಾಗಿತ್ತು, ಹೊಟ್ಟೆಯ ಬೆಸುಗೆ ಸವುಳು ನೀರಿಗೆ ತಿಂದುಹೋಗಿ ಸೋರತೊಡಗಿತು. ಅದು ಅದರ ಸಹಜ ಸಾವು, ಯಾರೂ ತಡೆಯಲಾರರು. ಇಳಿಸಿ ಅಂಗಳದಲ್ಲಿ ಬೋರಲು ಹಾಕಿದೆ. ಏಳು ವರ್ಷದ ಹಬೆಗೆ ಬೆಳ್ಳಿ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದಿತ್ತು. ದೊಡ್ಡವ್ವ ಕೋಲೂರಿಕೊಂಡು ಬಂದು ಬಗ್ಗಿ ನೋಡಿದರು. ಕೋಲಿನ ತುದಿಯಿಂದ ತಳದ ಬಾಯಿಗಳನ್ನು ಮುಟ್ಟಿದರು.

"ಇದು ಕೆಂಪು, ಇದು ನೀಲಿ. ಕೆಂಪು ಬಿಸೀದು, ನೀಲಿ ತಣ್ಣಂದು, ಹೌದಲ್ಲೋ? ಇದು ನನಗೂ ತಿಳೀತೈತಿ. ಇಷ್ಟು ಚೆಂದ ಗುರುತು ಹಾಕಿ ಕಳಿಸಿದ್ರ ನೀ ಯಾಕ ಬಣ್ಣ ಬಳದಿ ತಿಪ್ಪಾ?"

ಅವರು ತಮಾಷೆಗೆ ಕೇಳಿದ್ದು. ಸಾವ್ಕಾರರೂ ನಗುತ್ತಿದ್ದರು. ಖಾಸಿಂ ಸಾಹೇಬರು ಬೀಡಿ ಸೇದುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ನಾನು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಕೂತಲ್ಲಿಂದ ಏಳದೆ ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಖಾಸಿಂ ಸಾಹೇಬರು, "ಮ್ಯಾಲಿನ ಅರ್ಧ," ಎಂದಷ್ಟೇ ಹೇಳಿ ಬೀಡಿ ಹಚ್ಚಿದರು.

ಸಾವ್ಕಾರರು ಬಾಯಿ ತೆರೆದರು. ದೊಡ್ಡವ್ವ ಕೈ ಎತ್ತಿ ತಡೆದರು. "ಆಕಿ ನನ್ನ ಮಾರಿ ನೋಡೇ ಹೇಳಿದ್ಲು. ನಾನು ಇವನ್ನ ಕೇಳಿದೆ," ಎಂದರು. ಆಮೇಲೆ, "ಗಾಡಿ ಕಟ್ಟಸು. ಹನುಮಕ್ಕನ್ನ ಕರಕೊಂಡು ಬಾ. ಊರ ನಡುವೆ ನಿಂತು ಕರಿ, ನಾಲ್ಕು ಮಂದಿ ಕೇಳಂಗ ಕರಿ. ಆಕಿ ಬಂದ ಮ್ಯಾಲೆ ಹಂಡೆ ತೊಳದು ಆಕಿಗೆ ಎರಿಯಾಕ ನೀರು ಕಾಸು. ನೀನೇ ಕಾಸು," ಎಂದರು.

ದೇವನಕೊಂಡದ ಕಟ್ಟೆಯ ಮುಂದೆ ನಿಂತು ನನ್ನ ತಪ್ಪನ್ನು ನಾನೇ ಹೇಳಿ ಕರೆದೆ. ಆ ಕೂಸಿನ ಅಜ್ಜಿಯೂ ಅಲ್ಲಿದ್ದಳು. ಹನುಮಕ್ಕ ಸೀರೆ ಬದಲಿಸಿಕೊಂಡು ಬಂದು ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಎತ್ತುಗಳೊಡನೆ ಮಾತ್ರ ಮಾತಾಡಿದಳು.

ಮರುದಿನ ಬೇಸಾಯದ ಸಾಮಾನಿನ ಮೂಲೆಯಿಂದ ಹಂಡೆ ಹೊರಗೆ ಬಂತು. ಹುಣಸೆಹಣ್ಣು ಹಾಕಿ ತಿಕ್ಕಿದೆ. ಇಪ್ಪತ್ತು ಕೊಡ ಸೇದಿದೆ. ನೀರೊಲೆಯ ಮುಂದೆ ಕೂತು ಊದಿದೆ. ಡೈನಮೋ ಓಡಿಸುವವನಿಗೆ ಹಸಿ ಹತ್ತಿ ಕಟ್ಟಿಗೆ ಒಲಿಯುವುದಿಲ್ಲ. ಕಣ್ಣು ಮೂಗಿನಲ್ಲೆಲ್ಲ ಹೊಗೆ. ಮನೆಯವರೆಲ್ಲ ಪಡಸಾಲೆಯಲ್ಲಿ ಸಾಲಾಗಿ ಕೂತು ನೋಡುತ್ತಿದ್ದರು. ದೊಡ್ಡವ್ವ ತಾವೇ ಆಕೆಯ ತಲೆಗೆ ಎಣ್ಣೆ ಒತ್ತಿ ಒಳಗೆ ಕಳಿಸಿದರು.

ಒಳಗಿನಿಂದ ಆಕೆಯ ದನಿ ಬಂತು. "ತಣ್ಣಗದಾವ! ಇನ್ನೆರಡು ಕಟ್ಟಿಗಿ ಹಾಕೋ ವೈರ್‌ಮ್ಯಾನ್!"

ಹಾಕಿದೆ.

"ಈಗ ಭಾಳ ಸುಡ್ತಾವ! ಕಾಗದದಾಗ ಹಂಗ ಬರದೈತೇನು?"

ಪಡಸಾಲೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಕಣ್ಣೀರು ಹೊಗೆಯದು ಎಂದು ಅವರು ತಿಳಿದುಕೊಂಡಿರಬೇಕು.

ದೊಡ್ಡವ್ವ ಇಲ್ಲೇ ಇರು ಎಂದು ಕೈ ಹಿಡಿದರು. ಹನುಮಕ್ಕ ಒಪ್ಪಲಿಲ್ಲ. "ಮೂರು ಮಂದಿ ಬಾಣಂತೇರು ಅದಾರ ಅವ್ವಾರೇ. ನಾಳೆಯಿಂದ ನನ್ನ ನೀರು ಯಾರೂ ಮುಟ್ಟಿ ನೋಡಂಗಿಲ್ಲ. ಅದನ್ನ ನಾ ನೋಡಬೇಕು," ಎಂದಳು. ಹೋಗಿದ್ದ ಏಳು ವರ್ಷವನ್ನು ಯಾರೂ ಆಕೆಗೆ ಕೊಡಲಿಲ್ಲ, ಆಕೆ ಕೇಳಲೂ ಇಲ್ಲ.

ಹೊರಡುವಾಗ ಅಂಗಳದಲ್ಲಿ ಬಿದ್ದಿದ್ದ ಡಬ್ಬಿಯ ಹತ್ತಿರ ನಿಂತಳು. ಬಗ್ಗಿ ಮೊದಲಿನ ಹಾಗೆಯೇ ಗೆಣ್ಣಿನಿಂದ ಬಡಿದಳು. ಮೇಲೆ ಡಣ್ ಎಂದಿತು, ಕೆಳಗೂ ಡಣ್ ಎಂದಿತು.

"ಪಾಪ, ಇದು ಅವತ್ತೂ ಖರೇನೇ ಹೇಳಿತ್ತು," ಎಂದು ನನ್ನ ಕಡೆ ತಿರುಗಿದಳು. "ಇದಕ್ಕ ಒಂದು ಸಲ ಬಡದ್ರ ಸಾಕಾತು ತಿಪ್ಪಣ್ಣ. ನಿನಗ ನೋಡು, ಏಳು ವರ್ಷ ಹಿಡೀತು."